ಶಿವಪುರದಲ್ಲಿ ಹಾರಿದ ಬಾವುಟ

ಆಗಸ್ಟ್ 15ಕ್ಕೆ ಮದ್ದೂರಿನ ಅಕ್ಕನ ಮನೆಯಲ್ಲಿ ನಮ್ಮ ಕಡೆಯವರೆಲ್ಲ ಸೇರುವುದು ವಾಡಿಕೆ. ಮಂಡ್ಯದಿಂದ ಚಿಕ್ಕಪ್ಪನ ಮಕ್ಕಳು, ಮಳವಳ್ಳಿಯಿಂದ ಭಾವನ ಅಣ್ಣನ ಸಂಸಾರ ಬರುತ್ತದೆ. ಬೆಳಿಗ್ಗೆ ಶಾಲೆಯಲ್ಲಿ ಬಾವುಟ, ಮಧ್ಯಾಹ್ನ ಮನೆಯಲ್ಲಿ ಊಟ. ಈ ಸಲ ಎರಡರ ನಡುವೆ ಮಕ್ಕಳನ್ನೆಲ್ಲ ಕರೆದುಕೊಂಡು ಶಿವಪುರದ ಸತ್ಯಾಗ್ರಹ ಸೌಧಕ್ಕೆ ಹೋದೆವು. ಆ ಗುಂಗು ಇನ್ನೂ ಇಳಿದಿಲ್ಲ.

ಹಿಂದಿನ ಸಂಜೆಯೇ ಅಕ್ಕನ ಮೊಮ್ಮಗನ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು ಬಾವುಟ ಕಟ್ಟುವ ತಾಲೀಮು ನಡೆಸಿದ್ದರು. ಬಟ್ಟೆಯನ್ನು ಉದ್ದಕ್ಕೆ ಮಡಚಿ, ಒಳಗೆ ಸೇವಂತಿಗೆ ಎಸಳು ತುಂಬಿ, ಸುರುಳಿ ಸುತ್ತಿ, ಹಗ್ಗದ ಒಂದು ಮಡಿಕೆಯನ್ನು ಇನ್ನೊಂದರೊಳಗೆ ತೂರಿಸಿ ಜಾರುಗಂಟು ಹಾಕಿದರು. ಸಡಿಲವಾದರೆ ಏರುವಾಗಲೇ ಬಿಚ್ಚಿಕೊಳ್ಳುತ್ತದೆ. ಬಿಗಿಯಾದರೆ ಅತಿಥಿಗಳು ಎಷ್ಟು ಎಳೆದರೂ ಬಿಚ್ಚುವುದಿಲ್ಲ. ಮೇಷ್ಟ್ರು ಎಳೆದೆಳೆದು ನೋಡಿದರು, ಮತ್ತೆ ಕಟ್ಟಿದರು. ಮರುದಿನ ಎಸಳು ಸುರಿದಾಗ ಮಕ್ಕಳು ಹಾಕಿದ ಕೂಗು ಬೀದಿಯ ಕೊನೆಗೂ ಕೇಳಿಸಿರಬೇಕು. ಭಾಷಣದಲ್ಲಿ ದಂಡಿ ಬಂತು, ಜಲಿಯನ್‌ವಾಲಾ ಬಾಗ್ ಬಂತು. ಕೂಗಳತೆಯಲ್ಲಿರುವ ಶಿವಪುರ ಮಾತ್ರ ಬರಲಿಲ್ಲ. ಅದೇ ನನ್ನನ್ನು ಅಲ್ಲಿಗೆ ಹೊರಡಿಸಿದ್ದು.

ಸೌಧದ ಮುಂದೆ ನಿಂತು 1938ರ ಬಾವುಟ ಸತ್ಯಾಗ್ರಹದ, ಆಗಿನ ಬಂಧನದ ಕಥೆ ಹೇಳುತ್ತಿದ್ದಾಗ ಮೊಮ್ಮಗ ಕೇಳಿದ: ‘ಬ್ರಿಟಿಷ್ ಪೊಲೀಸ್ರಾ ತಾತ ಹಿಡ್ಕಂಡೋದ್ದು?’

‘ಅಲ್ಲ ಕಣ್ಲಾ, ನಮ್ಮೋರೇ. ಮೈಸೂರು ಪೊಲೀಸ್ರು’ ಎಂದರು ಭಾವ.

ಹುಡುಗ ನಂಬಲಿಲ್ಲ. ನಂಬುವುದು ಕಷ್ಟವೇ. ಆದರೆ ಆಗ ಇಲ್ಲಿ ಇದ್ದದ್ದು ಮೈಸೂರು ಸಂಸ್ಥಾನದ ಸರ್ಕಾರ. 1937ರಲ್ಲಿ ಪ್ರಜಾ ಸಂಯುಕ್ತ ಪಕ್ಷದವರು ಕಾಂಗ್ರೆಸ್ ಸೇರಿದ ಮೇಲೆ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಇಲ್ಲಿಯೇ, ತಿರುಮಲೇಗೌಡರ ಜಮೀನಿನಲ್ಲಿ, 1938ರ ಏಪ್ರಿಲ್‌ನಲ್ಲಿ ಸೇರಿತು. ಬೆಂಗಳೂರು–ಮೈಸೂರಿನ ನಡುದಾರಿ, ರೈಲು ಹತ್ತಿರ. ಜನ ಸೇರಲು ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಸರ್ಕಾರ ಚರಕದ ತ್ರಿವರ್ಣ ಬಾವುಟವನ್ನು ಏರಿಸಕೂಡದೆಂದು ಆಜ್ಞೆ ಹೊರಡಿಸಿತು. ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರು ಆಜ್ಞೆ ಮುರಿದರು, ಬಂಧನವಾಯಿತು. ಊರ ಕಡೆಯಿಂದ ಹೆಗಲು ಕೊಟ್ಟವರಲ್ಲಿ ಎಚ್.ಕೆ. ವೀರಣ್ಣಗೌಡರು ಮುಖ್ಯರು. ಮದ್ದೂರಿನ ಕಾಲೇಜಿನ ಬೋರ್ಡಿನಲ್ಲಿ ಅವರ ಹೆಸರನ್ನು ದಿನಾ ನೋಡುವ ಹುಡುಗರಿಗೆ ಅದು ಯಾಕೆ ಅಲ್ಲಿದೆ ಎಂದು ಯಾರಾದರೂ ಹೇಳಬೇಕು.

ಶಿವಪುರದ ಕಿಚ್ಚು ಸಂಸ್ಥಾನದ ಊರೂರಿಗೂ ಹಬ್ಬಿತು. ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಗಿ ಜನ ಸತ್ತರು. ಮೇ ತಿಂಗಳಲ್ಲಿ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ಮಾತುಕತೆಗೆ ಕೂತರು. ಆಗ ಆದ ಮಿರ್ಜಾ–ಪಟೇಲ್ ಒಪ್ಪಂದದಲ್ಲಿ ನನ್ನನ್ನು ಬಿಡದೆ ಕಾಡುವ ಒಂದು ಅಂಶವಿದೆ: ಸಾರ್ವಜನಿಕ ಸಮಾರಂಭಗಳಲ್ಲಿ ಸಂಸ್ಥಾನದ ಬಾವುಟವೂ ಕಾಂಗ್ರೆಸ್ ಬಾವುಟವೂ ಜೊತೆಯಲ್ಲಿ ಹಾರಬೇಕು, ಕೇವಲ ಪಕ್ಷದ ಸಭೆಯಾದರೆ ಕಾಂಗ್ರೆಸ್ ಬಾವುಟ ಒಂದೇ ಸಾಕು. ಒಂದೇ ಬಯಲಲ್ಲಿ ಗಂಡಭೇರುಂಡವೂ ಚರಕವೂ! ಇದನ್ನು ರಾಜಿ ಎಂದು ಬದಿಗೆ ಸರಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಂಡ್ಯ ಸೀಮೆಯ ಜನರ ಮನಸ್ಸು ಇದ್ದದ್ದೇ ಹಾಗೆ. ಕನ್ನಂಬಾಡಿ ಕಟ್ಟೆ, ನಾಲೆ, 1933ರ ಸಕ್ಕರೆ ಕಾರ್ಖಾನೆ ಕೊಟ್ಟ ದೊರೆ ನಾಲ್ವಡಿಯವರ ಪಟ ಅಕ್ಕನ ಪಡಸಾಲೆಯಲ್ಲಿ ಇವತ್ತಿಗೂ ಗಾಂಧಿ ಪಟದ ಪಕ್ಕದಲ್ಲೇ ಇದೆ. ದೊರೆಯ ಮೇಲಿನ ಪ್ರೀತಿ ಕಡಿಮೆಯಾಗಿ ಜನ ಶಿವಪುರಕ್ಕೆ ಬಂದರೆಂದು ನಾನು ಒಪ್ಪುವುದಿಲ್ಲ. ನೀರು ಕೊಟ್ಟವರನ್ನು ನೆನೆಯುತ್ತಲೇ, ಆಳುವುದರಲ್ಲಿ ನಮ್ಮ ಮಾತಿಗೂ ಬೆಲೆ ಬೇಕು ಎಂದು ಕೇಳಿದರು. ಆಗ ಮಂಡ್ಯ ಜಿಲ್ಲೆಯೇ ಇರಲಿಲ್ಲ. ಮೈಸೂರು ಜಿಲ್ಲೆಯಿಂದ ಅದು ಬೇರೆಯಾದದ್ದು ಮರುವರ್ಷ, 1939ರಲ್ಲಿ.

1947ರ ಆಗಸ್ಟ್ 15ಕ್ಕೂ ನಮ್ಮವರ ಕೆಲಸ ಮುಗಿದಿರಲಿಲ್ಲ. ದೆಹಲಿಯಲ್ಲಿ ಬಾವುಟ ಏರಿದರೂ ಮೈಸೂರಿನಲ್ಲಿ ಜನರ ಸರ್ಕಾರ ಬಂದಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆದು, ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದರು. ಈ ಎರಡು ತಿಂಗಳ ಕಥೆ ಹೇಳದೆ ನಮ್ಮ ಕಡೆಯ ಶಾಲೆಗಳಲ್ಲಿ ಸ್ವಾತಂತ್ರ್ಯದ ಭಾಷಣ ಮುಗಿಸುವುದು ಸರಿಯಲ್ಲ.

2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಬೆಂಗಳೂರು–ಮೈಸೂರಿನ ಕಾರುಗಳು ಮದ್ದೂರನ್ನು ಬಳಸಿ ಹೋಗುತ್ತವೆ. ಊರಿನವರು ವಡೆ ವ್ಯಾಪಾರ ಬಿದ್ದುಹೋಯಿತೆಂದು ಕೊರಗುತ್ತಾರೆ. ನನ್ನ ಕೊರಗು ಸೌಧದ ಮುಂದೆ ನಿಲ್ಲುವವರು ಕಡಿಮೆಯಾದರೆಂದು. ರಜೆಗೆ ಮೈಸೂರಿಗೆ ಹೊರಟವರು ಮದ್ದೂರಿನ ಹತ್ತಿರ ಹಳೆಯ ರಸ್ತೆಗೆ ಇಳಿಯಿರಿ. ಮಕ್ಕಳನ್ನೂ ಕಾರಿನಿಂದ ಇಳಿಸಿ, ಏಪ್ರಿಲ್ 1938ರಲ್ಲಿ ಇಲ್ಲಿ ಏನಾಯಿತೆಂದು ನೀವೇ ಹೇಳಿ. ಭಾವ ಆಗಲೇ ನಿರ್ಧರಿಸಿದ್ದಾರೆ: ಮುಂದಿನ ವರ್ಷ ಏಪ್ರಿಲ್‌ನಲ್ಲೂ ಮಂಡ್ಯದವರು, ಮಳವಳ್ಳಿಯವರು ಎಲ್ಲರೂ ಬರಬೇಕು, ಊಟ ಅಕ್ಕನ ಮನೆಯಲ್ಲೇ.