ನಿಮಗಿದು ಗೊತ್ತೆ?: ‘ನೋಯುತ್ತೆ’ ಎಂದರೇ ಹೆಚ್ಚು ನೋವು!

‘ಈಗ ಸ್ವಲ್ಪ ಚುಚ್ಚುತ್ತೆ, ಉರಿಯುತ್ತೆ’ ಎಂದು ಮೊದಲೇ ಎಚ್ಚರಿಸಿದರೆ ರೋಗಿಯ ನೋವು ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ! ಆತಂಕವೂ ಏರುತ್ತದೆ.

ಎಕ್ಸ್‌-ರೇ ಪರದೆ ನೋಡುತ್ತ ರಕ್ತನಾಳ, ಮೂತ್ರಪಿಂಡಕ್ಕೆ ಸಣ್ಣ ಕೊಳವೆ ತೂರಿಸುವ ಚಿಕಿತ್ಸೆಯಲ್ಲಿ ರೋಗಿ ಸಾಮಾನ್ಯವಾಗಿ ಎಚ್ಚರವಾಗಿರುತ್ತಾನೆ. ಆ ಜಾಗಕ್ಕಷ್ಟೇ ಮರಗಟ್ಟಿಸುವ ಚುಚ್ಚುಮದ್ದು. ಹಾಗಾಗಿ ಸುತ್ತಲಿನವರ ಮಾತೆಲ್ಲ ಕಿವಿಗೆ ಬೀಳುತ್ತದೆ. ಇಂಥ ಚಿಕಿತ್ಸೆಗಳ ವಿಡಿಯೊಗಳನ್ನು ಅಮೆರಿಕದ ರೇಡಿಯಾಲಜಿ ತಜ್ಞೆ ಎಲ್ವಿರಾ ಲ್ಯಾಂಗ್ ಮತ್ತು ತಂಡ ಒಂದೊಂದಾಗಿ ನೋಡಿ, 2005ರಲ್ಲಿ ಈ ಸಂಗತಿ ಪ್ರಕಟಿಸಿತು. ಚುಚ್ಚಿದ ಮೇಲೆ ‘ಅಯ್ಯೋ, ನೋವಾಯ್ತಾ?’ ಎಂದು ಮರುಗಿದರೂ ಕಷ್ಟವೇ. ನೋವು ಹೆಚ್ಚಲಿಲ್ಲ, ಆದರೆ ಆತಂಕ ಹೆಚ್ಚಿತು. ಪಾಪ, ಕಕ್ಕುಲಾತಿಯಿಂದ ಆಡಿದ ಮಾತೇ ಅದು!

ಹಾಗಾದರೆ ಏನು ಹೇಳಬೇಕು? ಇದೇ ತಜ್ಞೆಯ ತಂಡ 2000ದಲ್ಲಿ 241 ರೋಗಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿತ್ತು. ಕೆಲವರಿಗೆ ಮೇಜಿನ ಮೇಲೆ ಮಲಗಿದ್ದಾಗಲೇ, ಉಸಿರು ನಿಧಾನವಾಗಿ ಎಳೆದುಕೊಂಡು ಇಷ್ಟದ ಜಾಗ ನೆನೆಸಿಕೊಳ್ಳಲು ಮೆಲುದನಿಯಲ್ಲಿ ಹೇಳಿಕೊಡಲಾಯಿತು. ಅವರಿಗೆ ನೋವುನಿವಾರಕ, ಮಂಪರಿನ ಮದ್ದು ಕಡಿಮೆ ಸಾಕಾಯಿತು. ಚಿಕಿತ್ಸೆಯೂ ಬೇಗ ಮುಗಿಯಿತು: ಮಾಮೂಲಿ ಆರೈಕೆಯಷ್ಟೇ ಪಡೆದವರಿಗೆ ಸರಾಸರಿ 78 ನಿಮಿಷ ಹಿಡಿದದ್ದು ಇವರಿಗೆ 61 ನಿಮಿಷ!