ಬಂಡವಾಳ ಯಾರದು, ಹೆಸರು ಯಾರದು?

ಗೆಳೆಯರೇ, ಕಾಮರ್ಸ್ ಓದುವವನಿಗೆ ಸಂತರ ಕಥೆ ಯಾಕಪ್ಪಾ ಅಂತ ನಗಬೇಡಿ. ಇದರಲ್ಲಿ ಜಮಾಖರ್ಚೂ ಇದೆ.

1384ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಯಾದ್ವಿಗಾ ಎಂಬ ಹತ್ತು-ಹನ್ನೊಂದು ವರ್ಷದ ಹುಡುಗಿಗೆ ಪಟ್ಟ ಕಟ್ಟಿದರು. ಅದೂ 'ರಾಣಿ' ಎಂದಲ್ಲ, 'ರಾಜ' ಎಂದೇ! ಚಿಕ್ಕಂದಿನಲ್ಲಿ ಆಸ್ಟ್ರಿಯದ ವಿಲಿಯಂಗೆ ಗೊತ್ತುಮಾಡಿದ್ದ ಸಂಬಂಧವನ್ನು ಸರದಾರರು ಮುರಿದು, 1386ರಲ್ಲಿ ಲಿಥುವೇನಿಯಾದ ದೊರೆ ಯಾಗೈಲೋನೊಡನೆ ಮದುವೆ ಮಾಡಿಸಿದರು. ಆತ ಮದುವೆಗೆ ಮುಂಚೆ ಕ್ರೈಸ್ತನಾದ. ಅವನ ನಾಡೂ ಕ್ರಮೇಣ ಕ್ರೈಸ್ತವಾಯಿತು.

ಕ್ರಾಕೋವ್‌ನಲ್ಲಿ 1364ರಲ್ಲಿ ಶುರುವಾದ ವಿಶ್ವವಿದ್ಯಾಲಯ, ಸ್ಥಾಪಿಸಿದ ಅರಸ 1370ರಲ್ಲಿ ತೀರಿಕೊಂಡ ಮೇಲೆ ನಿಂತೇಹೋಗಿತ್ತು. ಅದನ್ನು ಮತ್ತೆ ನಡೆಸಬೇಕೆಂಬುದು ಯಾದ್ವಿಗಾಳ ಆಸೆ. 1399ರ ಜುಲೈನಲ್ಲಿ ಅವಳ ಎಳೆಗೂಸು ತೀರಿಕೊಂಡಿತು, ನಾಲ್ಕೇ ದಿನಕ್ಕೆ ಅವಳೂ ಹೋದಳು. ಒಡವೆಗಳನ್ನು ವಿಶ್ವವಿದ್ಯಾಲಯಕ್ಕೆ ಬಿಟ್ಟಿದ್ದಳು. 1400ರಲ್ಲಿ ಗಂಡ ಅದನ್ನು ಮತ್ತೆ ತೆರೆದ. ಮುಂದೆ ಕೊಪರ್ನಿಕಸ್ ಓದಿದ್ದು ಅಲ್ಲೇ.

ಅಲ್ಲೇ ಓದಿದ್ದ ಪೋಪ್ ಎರಡನೇ ಜಾನ್ ಪಾಲ್ 1997ರಲ್ಲಿ ಅವಳನ್ನು ಸಂತಳೆಂದು ಸಾರಿದರು. ವಿಶ್ವವಿದ್ಯಾಲಯಕ್ಕೆ ಮಾತ್ರ ಇಂದಿಗೂ ಗಂಡನ ವಂಶದ ಹೆಸರು.

ನನ್ನ ಮೊದಲ ವರ್ಷದ ಫೀಸಿಗೆ ಅವ್ವನ ಬಳೆ ಗಿರವಿಗೆ ಹೋಯ್ತು. ರಸೀದಿಯಲ್ಲಿರೋದು ಅಪ್ಪನ ಹೆಸರು. ಈ ರಾಣಿಯ ಕಥೆ ಓದಿದ ಮೇಲೇ ನಾನದನ್ನು ಗಮನಿಸಿದ್ದು.