ಊಟ ಕಡಿಮೆ, ತೂಕ ಹೆಚ್ಚು – ಯಾಕೆ ಹೀಗೆ?



ಸಭೆಯಲ್ಲಿ ಉಳಿತಾಯ, ಸಾಲ, ಬಡ್ಡಿ ಎಲ್ಲದರ ಲೆಕ್ಕ ಬರೆದು, ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಆದ ಮೇಲೆ ನಿಮ್ಮ ಬಾಯಲ್ಲಿ ಬರುವ ಮಾತು ಹೆಚ್ಚಾಗಿ ಮೈ ಕೈ ನೋವಿನದೇ. "ಸಿಸ್ಟರ್, ಮಂಡಿ ನೋವು ತಡೆಯೋಕಾಗ್ತಿಲ್ಲ." "ನಾನು ತಿನ್ನೋದು ಎರಡೇ ಹೊತ್ತು, ಆದ್ರೂ ಮೈ ಇಳೀತಾ ಇಲ್ಲ." "ನಮ್ಮತ್ತೆ ಎರಡೆರಡು ಮುದ್ದೆ ಉಣ್ಣೋರು, ಕಡ್ಡಿ ಹಂಗಿದ್ರು. ನಂಗ್ಯಾಕೆ ಹಿಂಗೆ?" ಉದಯಗಿರಿಯಲ್ಲೂ ಇದೇ ಮಾತು, ಮೇಟಗಳ್ಳಿಯಲ್ಲೂ ಇದೇ ಮಾತು.

ಈ ಪ್ರಶ್ನೆ ಕೇಳುವಾಗ ನಿಮ್ಮ ಮುಖದಲ್ಲಿ ತಪ್ಪು ಮಾಡಿದವರ ನಾಚಿಕೆ ಇರುತ್ತದೆ. ಮನೆಯಲ್ಲಿ "ತಿಂದು ತಿಂದು ಊದಿದ್ದೀಯ" ಅಂತ ಆಡಿಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ "ತೂಕ ಇಳಿಸಮ್ಮ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಎಷ್ಟು ತಿನ್ನುತ್ತೇವೆ ಅನ್ನೋದು ನಮ್ಮ ಕೈಲಿದೆ, ನಿಜ. ಆದರೆ ಅಡಿಗೆ ಮನೆಗೆ ಯಾವ ದಿನಸಿ ಸುಲಭವಾಗಿ, ಅಗ್ಗವಾಗಿ ಬರುತ್ತದೆ ಅನ್ನೋದನ್ನು ನಾವು ಮಾತ್ರ ತೀರ್ಮಾನ ಮಾಡುವುದಿಲ್ಲ. ನಾಲೆಯ ನೀರು, ಬೆಂಬಲ ಬೆಲೆ, ಪಡಿತರ, ಹಡಗಿನಲ್ಲಿ ಬರುವ ಎಣ್ಣೆ, ಇವೆಲ್ಲ ಸೇರಿ ನಮ್ಮ ತಟ್ಟೆಯನ್ನು ತುಂಬುತ್ತವೆ.

2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚು ತೂಕದವರು 100ಕ್ಕೆ ಸುಮಾರು 23 ಮಂದಿ ಇದ್ದರು. 2019-21ರ ಸಮೀಕ್ಷೆಯಲ್ಲಿ ಅದು ಸುಮಾರು 30ಕ್ಕೆ ಏರಿತು. ನಾಲ್ಕೈದು ವರ್ಷದಲ್ಲಿ ಇಷ್ಟೊಂದು ಹೆಂಗಸರು ಒಟ್ಟಿಗೇ ಸೋಮಾರಿಗಳಾದರೇ? ಹಾಗಿರಲು ಸಾಧ್ಯವಿಲ್ಲ. ಅದೇ ಸಮೀಕ್ಷೆಯಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇತ್ತು. ಮೈಯಲ್ಲಿ ಕೊಬ್ಬು ಹೆಚ್ಚು, ರಕ್ತ ಕಡಿಮೆ. ಹೊಟ್ಟೆ ತುಂಬಿದೆ, ಆದರೆ ಪೋಷಣೆ ಸಿಕ್ಕಿಲ್ಲ ಅಂತ ಅರ್ಥ.

ರಾಗಿ ಹೋಗಿ ಅಕ್ಕಿ ಬಂದ ದಾರಿ

ನಮ್ಮ ಮೈಸೂರು ಸೀಮೆ ಮೊದಲಿಂದ ರಾಗಿಯ ಸೀಮೆ. ಅನ್ನ ಅಂದರೆ ಹಬ್ಬ, ನೆಂಟರು. 1930ರ ದಶಕದಲ್ಲಿ ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದ ಮೇಲೆ ಮಂಡ್ಯದ ಕಡೆ ಭತ್ತ, ಕಬ್ಬು ಬಂತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಆಯಿತು. ಆದರೂ ಒಣ ಭೂಮಿಯಲ್ಲಿ ರಾಗಿಯೇ ಇತ್ತು. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟಿದ್ದು ನಿಮ್ಮ ತಂದೆ ತಾಯಿಗೆ ಗೊತ್ತಿರುತ್ತದೆ. ಜನ ಅವರನ್ನು 'ರಾಗಿ ಲಕ್ಷ್ಮಣಯ್ಯ' ಅಂತಲೇ ಕರೆದರು. ಎಕರೆಗೆ ಬೆಳೆ ಹೆಚ್ಚಾಯಿತು, ಆದರೆ ಬೆಲೆ ಹೆಚ್ಚಲಿಲ್ಲ. ಸರ್ಕಾರ ಖರೀದಿ ಮಾಡುತ್ತಿದ್ದುದು ಮುಖ್ಯವಾಗಿ ಅಕ್ಕಿ, ಗೋಧಿ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬಂದು ಕೂತಿತು. 1960ರ ದಶಕಕ್ಕೆ ಹೋಲಿಸಿದರೆ ದೇಶದಲ್ಲಿ ರಾಗಿ ಬೆಳೆಯುವ ಭೂಮಿ ಸುಮಾರು ಅರ್ಧಕ್ಕೆ ಇಳಿದಿದೆ.

2013ರ ಜುಲೈನಲ್ಲಿ ಅನ್ನಭಾಗ್ಯ ಬಂತು. ಮೊದಲು ಕಿಲೋಗೆ ಒಂದು ರೂಪಾಯಿ, 2015ರಿಂದ ಉಚಿತ. ಇದನ್ನು ಹಗುರವಾಗಿ ಆಡಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತಿಂಗಳ ಕೊನೆಗೆ ಒಲೆ ಹಚ್ಚದ ಮನೆಗಳನ್ನು ನೋಡಿದವರು ಆ ಅಕ್ಕಿಯ ಬೆಲೆ ಬಲ್ಲರು. ಹಸಿವು ಕಡಿಮೆಯಾಯಿತು, ಅದು ಸಣ್ಣ ವಿಷಯವಲ್ಲ. ಆದರೆ ಬೇಳೆ, ಕಾಳು, ತರಕಾರಿ, ಮೊಟ್ಟೆ ಅಷ್ಟೇ ಸುಲಭವಾಗಿ ಬರಲಿಲ್ಲ. ಅಕ್ಕಿ ಪುಕ್ಕಟೆ, ತೊಗರಿಬೇಳೆ ದುಬಾರಿ ಅಂದರೆ ತಟ್ಟೆಯಲ್ಲಿ ಯಾವುದು ಗುಡ್ಡೆಯಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ದೇಶದಲ್ಲಿ 1961ರಲ್ಲಿ ತಲೆಗೆ ದಿನಕ್ಕೆ 69 ಗ್ರಾಂ ಬೇಳೆಕಾಳು ಸಿಗುತ್ತಿತ್ತು. 2001ರಲ್ಲಿ ಸಿಕ್ಕಿದ್ದು 30 ಗ್ರಾಂ. ಆಮೇಲೆ ಸ್ವಲ್ಪ ಏರಿದೆ, ಹಳೆಯ ಮಟ್ಟಕ್ಕೆ ಬಂದಿಲ್ಲ.

ಅಕ್ಕಿಯಲ್ಲಿ ದೋಷ ಇದೆಯಾ? ಅಕ್ಕಿಗಿಂತ ಪಾಲಿಶ್‌ನಲ್ಲಿ ಇದೆ ಅನ್ನಬಹುದು. ಒನಕೆಯಲ್ಲಿ ಕುಟ್ಟಿದಾಗ ಕಾಳಿನ ಮೇಲೆ ತೌಡು ಸ್ವಲ್ಪ ಉಳಿಯುತ್ತಿತ್ತು. ಮಿಲ್ಲಿನಲ್ಲಿ ಅದೆಲ್ಲ ಹೋಗುತ್ತದೆ. ನಾರು, ಜೀವಸತ್ವ ಇರುವ ತೌಡು ಹಸುವಿಗೆ, ಬಿಳಿ ಗಂಜಿ ನಮಗೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಅಕ್ಕಿಯಲ್ಲಿ ಮೂರು ಗ್ರಾಂಗಿಂತ ಕಡಿಮೆ. ಸುಣ್ಣದ ಅಂಶ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು, ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ. (ಕೆಲವು ವರ್ಷದ ಹಿಂದೆ ಸೊಸೈಟಿ ಅಕ್ಕಿಯಲ್ಲಿ ಬೇರೆ ಥರದ ಕಾಳು ಕಂಡು "ಪ್ಲಾಸ್ಟಿಕ್ ಅಕ್ಕಿ ಸಿಸ್ಟರ್" ಅಂತ ಆರಿಸಿ ಬಿಸಾಡಿದಿರಿ, ನೆನಪಿದೆಯಾ? ಅದು ಪ್ಲಾಸ್ಟಿಕ್ ಅಲ್ಲ. ಕಬ್ಬಿಣದಂಶ, ಫೋಲಿಕ್ ಆಮ್ಲ, ಬಿ 12 ಸೇರಿಸಿದ ಅಕ್ಕಿ ಹಿಟ್ಟಿನ ಕಾಳು. ಪಾಲಿಶ್ ಮಾಡಿ ಕಳೆದದ್ದರಲ್ಲಿ ಒಂದಿಷ್ಟನ್ನು ಮತ್ತೆ ಬೆರೆಸಿ ಕೊಡುವ ಪ್ರಯತ್ನ.)

ಎಣ್ಣೆಯದು ಬೇರೆ ಕತೆ. ಮೊದಲು ಗಾಣದ ಹುಚ್ಚೆಳ್ಳೆಣ್ಣೆ, ಕಡಲೆಕಾಯಿ ಎಣ್ಣೆ ಸಣ್ಣ ಗಿಂಡಿಯಲ್ಲಿ ಮನೆಗೆ ಬರುತ್ತಿತ್ತು, ಒಗ್ಗರಣೆಗೆ ಒಂದು ಸೌಟು ಹಾಕಲೂ ಕೈ ನಡುಗುತ್ತಿತ್ತು. 1994ರಲ್ಲಿ ಸರ್ಕಾರ ಪಾಮೋಲಿನ್ ಆಮದನ್ನು ಖಾಸಗಿಯವರಿಗೆ ತೆರೆಯಿತು. ಈಗ ದೇಶದಲ್ಲಿ ಬಳಸುವ ಅಡಿಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿಂದ ಬರುತ್ತದೆ, ಅದರಲ್ಲಿ ದೊಡ್ಡ ಪಾಲು ಇಂಡೋನೇಷ್ಯಾ, ಮಲೇಷ್ಯಾದ ತಾಳೆ ಎಣ್ಣೆ. ನಾವು ಪಾಮಾಯಿಲ್ ಪ್ಯಾಕೆಟ್ ಕೊಳ್ಳದಿದ್ದರೂ ಬಿಸ್ಕತ್ತು, ನೂಡಲ್ಸ್, ಮಕ್ಕಳ ಐದು ರೂಪಾಯಿ ಚಿಪ್ಸ್, ಬೇಕರಿಯ ಪಫ್ಸ್, ರಸ್ತೆ ಬದಿಯ ಬೋಂಡ ಎಲ್ಲದರಲ್ಲೂ ಅದು ಒಳಗೆ ಬರುತ್ತದೆ. ಡಾಲ್ಡಾದಂಥ ಗಟ್ಟಿ ಎಣ್ಣೆಯಲ್ಲಿದ್ದ ಟ್ರಾನ್ಸ್ ಕೊಬ್ಬನ್ನು 2022ರಿಂದ 100ಕ್ಕೆ 2 ಭಾಗ ಮೀರಬಾರದು ಅಂತ ನಿಯಮ ಬಂತು, ಅದು ಒಳ್ಳೆಯದಾಯಿತು. ಆದರೆ ಕರಿದದ್ದು ಕರಿದದ್ದೇ.

ಬೂದಿ ಮುಚ್ಚಿದ ಕೆಂಡ

ಈಗ ನೋವಿನ ವಿಷಯಕ್ಕೆ ಬರೋಣ. ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಇದಕ್ಕೆ ಉರಿಯೂತ ಅನ್ನುತ್ತಾರೆ. ರಕ್ತದಲ್ಲಿರುವ ಬಿಳಿ ಕಣಗಳು ಬಂದು ಕೀಟಾಣುಗಳ ಜೊತೆ ಜಗಳವಾಡಿ ಗಾಯ ವಾಸಿ ಮಾಡುವ ಕೆಲಸ ಅದು. ಕೆಲಸ ಮುಗಿದ ಮೇಲೆ ಬೆಂಕಿ ಆರಬೇಕು.

ಹೊಟ್ಟೆಯೊಳಗೆ ಕರುಳಿನ ಸುತ್ತ ಕೊಬ್ಬು ತುಂಬಿದಾಗ ಈ ಬೆಂಕಿ ಆರುವುದಿಲ್ಲ. ಕೊಬ್ಬಿನ ಕಣಗಳು ಮೂಟೆ ಬಿರಿಯುವಷ್ಟು ತುಂಬಿ ಒದ್ದಾಡಿದಾಗ ಬಿಳಿ ರಕ್ತಕಣಗಳು ಅಲ್ಲಿ ಸೇರುತ್ತವೆ. ಅಲ್ಲಿಂದ ಹೊರಡುವ ರಾಸಾಯನಿಕಗಳು ರಕ್ತದಲ್ಲಿ ಇಡೀ ಮೈಗೆ ಹೋಗುತ್ತವೆ. ಹೊರಗೆ ಕೆಂಪು ಕಾಣುವುದಿಲ್ಲ, ಜ್ವರ ಬರುವುದಿಲ್ಲ. ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ಹಾಗೆ. ಈ ಕೆಂಡ ಇನ್ಸುಲಿನ್ ಕೆಲಸವನ್ನು ಕೆಡಿಸುತ್ತದೆ, ಸಕ್ಕರೆ ಕಾಯಿಲೆಗೆ ದಾರಿ ಮಾಡುತ್ತದೆ. ರಕ್ತನಾಳದ ಒಳಗೋಡೆಯನ್ನು ಕೆಡಿಸುತ್ತದೆ. ಮಂಡಿಯ ಸವೆತಕ್ಕೂ ಕೈ ಜೋಡಿಸುತ್ತದೆ. ಮಂಡಿಗೆ ಇದರ ಜೊತೆ ಭಾರವೂ ಇದೆ: ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ. ಹತ್ತು ಕಿಲೋ ಇಳಿಸಲು ಆಗದೆ ಮೂರು ಇಳಿಸಿದರೂ ಲಾಭವೇ.

ರಕ್ತಹೀನತೆಗೂ ಇದಕ್ಕೂ ನಂಟಿದೆ. ಒಳಗೆ ಉರಿಯೂತ ಇದ್ದರೆ ಕರುಳು ಊಟದಲ್ಲಿರುವ ಕಬ್ಬಿಣದಂಶವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. "ಕಬ್ಬಿಣದ ಮಾತ್ರೆ ನುಂಗಿದ್ರೂ ರಕ್ತ ಏರ್ತಿಲ್ಲ" ಅನ್ನುವವರಿಗೆ ಇದೂ ಒಂದು ಕಾರಣ ಇರಬಹುದು. ಊಟ ಆದ ತಕ್ಷಣ ಟೀ ಕುಡಿಯುವುದು ಇನ್ನೊಂದು ಕಾರಣ.

ನಮ್ಮೂರಿನಲ್ಲೇ ಕಂಡ ಸತ್ಯ

ಈ ವಿಷಯದಲ್ಲಿ ಮೈಸೂರಿನ ಹೆಸರು ಲೋಕಕ್ಕೆಲ್ಲ ಗೊತ್ತು, ನಮಗೇ ಗೊತ್ತಿಲ್ಲ. ನಾವೆಲ್ಲ ಮಿಷನ್ ಆಸ್ಪತ್ರೆ ಅನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ತಪ್ಪದೆ ಪುಸ್ತಕದಲ್ಲಿ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಆಸ್ಪತ್ರೆಯ ವೈದ್ಯರು ಇಂಗ್ಲೆಂಡಿನ ಸಂಶೋಧಕರ ಜೊತೆ ಸೇರಿ ಆ ಹಳೆಯ ಪುಸ್ತಕ ಹಿಡಿದು, ಊರಲ್ಲಿ ಆ ಮಕ್ಕಳನ್ನು ಹುಡುಕಿದರು. ಆಗ ಅವರೆಲ್ಲ ನಡುವಯಸ್ಸು ದಾಟಿದವರು. ಹುಟ್ಟಿದಾಗ ತೂಕ ಕಡಿಮೆ ಇದ್ದವರಲ್ಲೇ ಹೃದಯದ ಕಾಯಿಲೆ ಹೆಚ್ಚು ಕಂಡಿತು. ಸಕ್ಕರೆ ಕಾಯಿಲೆಯ ಲೆಕ್ಕ ಸ್ವಲ್ಪ ಬೇರೆ: ಗಿಡ್ಡಗೆ, ದುಂಡಗೆ ಹುಟ್ಟಿದವರಲ್ಲಿ, ದಪ್ಪ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚಿತ್ತು. ಪುಣೆಯಲ್ಲಿ ಡಾ. ಯಾಜ್ಞಿಕ್ ಅವರು ಇನ್ನೊಂದನ್ನು ತೋರಿಸಿದರು. ನಮ್ಮ ದೇಶದ ಶಿಶುಗಳು ನೋಡಲು ಸಣ್ಣ, ಆದರೆ ಮೈಯಲ್ಲಿ ಮಾಂಸ ಕಡಿಮೆಯಾಗಿ ಕೊಬ್ಬು ಉಳಿದಿರುತ್ತದೆ.

ಅಂದರೆ ಬಸುರಿನಲ್ಲಿ ಅರೆಹೊಟ್ಟೆ ಉಂಡ ತಾಯಿಯ ಮಗು, ಇರುವುದರಲ್ಲೇ ಬದುಕುವ ಮೈ ಕಟ್ಟಿಕೊಂಡು ಹುಟ್ಟುತ್ತದೆ. ಆಮೇಲೆ ಅದಕ್ಕೆ ಬಿಳಿ ಅನ್ನ, ಸಕ್ಕರೆ, ಎಣ್ಣೆ ಧಾರಾಳವಾಗಿ ಸಿಕ್ಕರೆ ಆ ಮೈ ತಡೆಯುವುದಿಲ್ಲ. ನಿಮ್ಮ ಅತ್ತೆ ಮುದ್ದೆ ಉಂಡು ನೀರು ಹೊತ್ತು, ಕಳೆ ಕಿತ್ತು ಕಡ್ಡಿಯಂತಿದ್ದರು. ನೀವು ಗಾರ್ಮೆಂಟ್ಸ್‌ನಲ್ಲಿ, ಅಗರಬತ್ತಿ ಮಣೆಯ ಮುಂದೆ, ಹೊಲಿಗೆ ಮಿಷನ್ ಮುಂದೆ ದಿನವಿಡೀ ಕೂತು ದಣಿಯುತ್ತೀರಿ. ದಣಿವು ಬೇರೆ, ಮೈ ಬಗ್ಗಿಸಿ ದುಡಿಯುವುದು ಬೇರೆ.

ದೇಶದ ಆಹಾರ ಬದಲಾದರೆ ಜನರ ಮೈ ಎಷ್ಟು ಬೇಗ ಬದಲಾಗುತ್ತದೆ ಅನ್ನುವುದಕ್ಕೆ ಕ್ಯೂಬಾ ದೇಶದ ಉದಾಹರಣೆ ಕೊಡುತ್ತಾರೆ. 1991ರಲ್ಲಿ ಸೋವಿಯತ್ ಒಕ್ಕೂಟ ಮುರಿದು ಆ ದೇಶಕ್ಕೆ ಎಣ್ಣೆ, ಆಹಾರ ನಿಂತುಹೋಯಿತು. ಬಸ್ಸಿಲ್ಲದೆ ಜನ ನಡೆದರು, ಸೈಕಲ್ ತುಳಿದರು. ತಲೆಗೆ ಸರಾಸರಿ ಸುಮಾರು ಐದು ಕಿಲೋ ತೂಕ ಇಳಿಯಿತು, ಮುಂದಿನ ವರ್ಷಗಳಲ್ಲಿ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಯ ಸಾವು ಕಡಿಮೆಯಾಯಿತು. ಊಟ ತಿರುಗಿ ಬಂದಾಗ ತೂಕವೂ, ಸಕ್ಕರೆಯೂ ತಿರುಗಿ ಬಂದವು. ಆದರೆ ಅದೇ ಬರಗಾಲದಲ್ಲಿ ಜೀವಸತ್ವ ಇಲ್ಲದೆ ಸುಮಾರು 50,000 ಜನರ ಕಣ್ಣು, ನರ ಕೆಟ್ಟವು ಅನ್ನುವುದನ್ನು ಮರೆಯಬಾರದು. ಉಪವಾಸ ಬಿದ್ದು ತೂಕ ಇಳಿಸುವ ಯೋಚನೆ ಬೇಡ.

ನಮ್ಮ ಕೈಯಲ್ಲಿ ಏನಿದೆ?

ಸೊಸೈಟಿ ಅಕ್ಕಿ ಬಿಡಿ ಅಂತ ನಾನು ಹೇಳುವುದಿಲ್ಲ. ಅನ್ನದ ಗುಡ್ಡೆಯನ್ನು ಸಣ್ಣದು ಮಾಡಿ, ಅದರ ಪಕ್ಕ ಕಾಳು, ಸೊಪ್ಪು ಹೆಚ್ಚಿಸಿ. ಹುರುಳಿಕಾಳು, ಅಲಸಂದೆ, ಅವರೆ ಇವು ತೊಗರಿಗಿಂತ ಕಡಿಮೆ ಬೆಲೆಗೆ ಸಿಗುವ ಕಾಲ ನೋಡಿ ಕೊಳ್ಳಿ. ನಮ್ಮ ಉಪ್ಸಾರು, ಬಸ್ಸಾರು, ಮಸ್ಸೊಪ್ಪು ಇವುಗಳಿಗೆ ಎಣ್ಣೆ ಎಷ್ಟು ಬೇಕು? ಒಂದು ಚಮಚ. ಬಡವರ ಅಡಿಗೆ ಅಂತ ಬಿಟ್ಟದ್ದೇ ಇವತ್ತು ವೈದ್ಯರು ಹೇಳುವ ಅಡಿಗೆ. ರಾಗಿಯನ್ನು ಸೊಸೈಟಿಯಲ್ಲಿ ಕೊಟ್ಟಾಗ ಮಾರಬೇಡಿ. ಹಾಗಂತ ರಾಗಿ ಮದ್ದಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಎರಡು ಮುದ್ದೆ ಉಂಡರೂ ಸಕ್ಕರೆ ಏರುತ್ತದೆ. ಸಣ್ಣ ಮುದ್ದೆ, ಸೊಪ್ಪು ಕಾಳಿನ ಸಾರು ಇರಲಿ.

ಎಣ್ಣೆಗೆ ಒಂದು ಲೆಕ್ಕ ಇಡಿ. ದಿನಕ್ಕೆ ತಲೆಗೆ ಸುಮಾರು 27 ಗ್ರಾಂ ಸಾಕು ಅನ್ನುತ್ತಾರೆ ಪೌಷ್ಟಿಕ ತಜ್ಞರು. ನಾಲ್ಕು ಜನರ ಮನೆಗೆ ತಿಂಗಳಿಗೆ ಅದು ಸುಮಾರು ಮೂರೂವರೆ ಲೀಟರ್. ಹೊರಗೆ ತಿಂದ ಬೋಂಡ, ಚಿಪ್ಸ್ ಎಲ್ಲ ಇದರಲ್ಲೇ ಸೇರಿತು. ಮನೆಗೇ ಐದು ಪ್ಯಾಕೆಟ್ ತರುತ್ತಿದ್ದರೆ ಲೆಕ್ಕ ನೀವೇ ಹಾಕಿ. ಸಾಲದ ಲೆಕ್ಕ ಇಷ್ಟು ಚೆನ್ನಾಗಿ ಇಡುವವರಿಗೆ ಎಣ್ಣೆ ಲೆಕ್ಕ ಕಷ್ಟವೇ?

ಸಂಘವಾಗಿ ಇನ್ನೂ ಒಂದು ಕೆಲಸ ಮಾಡಬಹುದು. ಸುಗ್ಗಿಯಲ್ಲಿ ಹದಿನೈದು ಇಪ್ಪತ್ತು ಮನೆಯವರು ಒಟ್ಟಿಗೆ ಹಣ ಹಾಕಿ, ಬಂಡಿಪಾಳ್ಯದ ಮಾರುಕಟ್ಟೆಯಲ್ಲೋ ಪರಿಚಯದ ರೈತರ ಹತ್ತಿರವೋ ರಾಗಿ, ಹುರುಳಿ, ಕಡಲೆಕಾಯಿಯನ್ನು ಮೂಟೆಗಟ್ಟಲೆ ಕೊಂಡು ಹಂಚಿಕೊಳ್ಳಿ. ಚಿಲ್ಲರೆ ಅಂಗಡಿಯ ಬೆಲೆಗಿಂತ ಕಡಿಮೆಗೆ ಸಿಗುತ್ತದೆ. ನಿಮ್ಮ ವಾರ್ಡಿನ ಸಭೆಯಲ್ಲಿ "ಅಕ್ಕಿ ಜೊತೆ ರಾಗಿ, ಬೇಳೆ ಕೊಡಿ" ಅಂತ ಬಾಯಿಬಿಟ್ಟು ಕೇಳಿ. ಪಡಿತರದಲ್ಲಿ ಏನು ಬರಬೇಕು ಅನ್ನುವುದು ಉಣ್ಣುವವರು ಕೇಳದೆ ಬದಲಾಗುವುದಿಲ್ಲ.

ಮುಂದಿನ ಸಭೆಗೆ ಹೊಲಿಗೆಯ ಟೇಪು ತನ್ನಿ. ಹೊಕ್ಕುಳಿನ ಮಟ್ಟದಲ್ಲಿ ಸುತ್ತಳತೆ ನೋಡೋಣ. ಹೆಂಗಸರಿಗೆ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚು ದಾಟಿದರೆ ಎಚ್ಚರ ಬೇಕು; ಗಂಡಸರಿಗೆ 90. ನೋಡಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರೂ ಅಳೆಯಿರಿ. 30 ವರ್ಷ ದಾಟಿದವರೆಲ್ಲರಿಗೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ರಕ್ತದೊತ್ತಡದ ಪರೀಕ್ಷೆ ಉಚಿತ. ಬೇಗ ತೂಕ ಏರುತ್ತಿದ್ದು ಸುಸ್ತು, ಮುಟ್ಟಿನ ಏರುಪೇರು ಇದ್ದರೆ ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ. ಸಕ್ಕರೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಊಟವನ್ನು ದಿಢೀರನೆ ಕಡಿಮೆ ಮಾಡಬೇಡಿ. ಮೊದಲು ವೈದ್ಯರಿಗೆ ಹೇಳಿ, ಮಾತ್ರೆಯ ಅಳತೆ ಅವರು ಬದಲಿಸಬೇಕಾಗುತ್ತದೆ.